ಫೇಲಾದ ಸೊಸೆ

ಭೈರಸಂದ್ರದ ತಿಮ್ಮರಾಯಪ್ಪನ ರಾಗಿ ಹೊಲ ಜಯನಗರದ ಸೈಟುಗಳಾಗಿ ಹೋದ ಮೇಲೆ ಅವನ ಮನೆಗೆ ಹೆಣ್ಣು ನೋಡಲು ಬರುವವರ ಪ್ರಶ್ನೆಗಳೂ ಬದಲಾದವು. ಹುಡುಗಿಗೆ ಹಾಲು ಕರೆಯಲು ಬರುತ್ತದೆಯೇ, ಗಂಟಿಲ್ಲದಂತೆ ಮುದ್ದೆ ತಿರುವುತ್ತಾಳೆಯೇ ಎಂದು ಯಾರೂ ಕೇಳಲಿಲ್ಲ. ಜಗಲಿಯ ಮೇಲೆ ಕೂತು, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, "ಎಲ್ಲೀಗಂಟ ಓದವ್ಳೆ?" ಎಂದು ಕೇಳಿದರು. ತಿಮ್ಮರಾಯಪ್ಪ ತಲೆ ಕೆರೆದುಕೊಂಡ. ಮಗಳು ಲಕ್ಷ್ಮಿದೇವಮ್ಮ ದೊಡ್ಡವಳಾದ ದಿನವೇ ಅವಳ ಸ್ಕೂಲು ನಿಂತಿತ್ತು. ನಿಲ್ಲಿಸಿದವನು ಅವನೇ.

ಹಾಗಾಗಿ ಮನೆಯ ಮುಂದಿನ ಭಾಗಕ್ಕೆ ಬಾಡಿಗೆಗೆ ಬಂದ ಟೀಚರು ಶಿವಬಸಮ್ಮ, "ಇವಳನ್ನ ಮನೇಲೇ ಓದಿಸ್ತೀನಿ, ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಲಿ" ಎಂದಾಗ ಅವನು ಬೇಡವೆನ್ನಲಿಲ್ಲ. ಶಿವಬಸಮ್ಮ ತಿಪಟೂರು ಕಡೆಯವಳು. ಗಂಡ ಸತ್ತ ಮೇಲೆ ಓದಿ ಕೆಲಸ ಹಿಡಿದಿದ್ದಳು. ಪಾಠ ಶುರುಮಾಡಿದ ಮೊದಲ ದಿನವೇ ಲಕ್ಷ್ಮಿದೇವಮ್ಮನಿಗೆ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: "ಪಾಸಾದ್ರೆ ಟೀಚರ್ಸ್ ಟ್ರೈನಿಂಗು. ಟ್ರೈನಿಂಗ್ ಆದ್ರೆ ಕೆಲ್ಸ. ಕೆಲ್ಸ ಇದ್ರೆ ನಿನ್ನ ವಿಷ್ಯ ಯಾವ ಜಗಲಿ ಮೇಲೂ ತೀರ್ಮಾನ ಆಗಲ್ಲ."

ಆ ಮಾತು ಹುಡುಗಿಯ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಬೆಳಿಗ್ಗೆ ಕೊಟ್ಟಿಗೆ ಗುಡಿಸಿ, ಸಗಣಿ ತಟ್ಟಿ, ಹೊಸ ಬಡಾವಣೆಯ ಮನೆಗಳಿಗೆ ಹಾಲು ಹಾಕಿ ಬಂದು, ಮಧ್ಯಾಹ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿ ಅದರ ಪಕ್ಕದಲ್ಲೇ ಓದುತ್ತಿದ್ದಳು. ಘಾಟಿಗೆ ಕಣ್ಣು ಉರಿಯುತ್ತಿತ್ತು. ಇಂಗ್ಲಿಷಿನಲ್ಲಿ ಹಸುವಿನ ಮೇಲಿನ ಪ್ರಬಂಧವನ್ನು ಬಾಯಿಪಾಠ ಮಾಡಿದಳು. ಹಸು ಬಹಳ ಉಪಯುಕ್ತ ಪ್ರಾಣಿ, ಅದಕ್ಕೆ ನಾಲ್ಕು ಕಾಲು. ಇದನ್ನು ಬರೆದವನು ಒಂದು ದಿನವೂ ಸಗಣಿ ಬಾಚಿರಲಿಕ್ಕಿಲ್ಲ ಅನ್ನಿಸಿತು. ಚರಿತ್ರೆ ಕೈಕೊಡುತ್ತಿತ್ತು. ಗಣಿತ ಮಾತ್ರ ಯಾರ ಹಂಗೂ ಇಲ್ಲದೆ ಬಂತು. ಒಂದು ಸಲ ಹೇಳಿಕೊಟ್ಟರೆ ಮುಂದಿನ ಪಾಠಕ್ಕೆ ಅವಳೇ ಹೋಗಿರುತ್ತಿದ್ದಳು.

"ನಮ್ ಹುಡುಗಿ ಎಸ್ಸೆಸ್ಸೆಲ್ಸಿ ಓದ್ತಾ ಅವ್ಳೆ" ಎಂದು ತಿಮ್ಮರಾಯಪ್ಪ ಮೂರು ವರ್ಷ ಹೇಳಿಕೊಂಡು ತಿರುಗಿದ. ಓದುತ್ತಾ ಇರುವುದು ಅವನಿಗೆ ಬಹಳ ಹಿಡಿಸಿತ್ತು. ಮಗಳ ಕಿವಿಗೆ ಹಾಕಿಸಿದ ಓಲೆಯ ಹಾಗೆ ಅದೂ ಒಂದು.

ಪರೀಕ್ಷೆ ಹತ್ತಿರ ಬಂದಾಗ ಬೊಮ್ಮನಹಳ್ಳಿಯಿಂದ ಸಂಬಂಧ ಬಂತು. ಹುಡುಗ ಬೈರಣ್ಣ ಹೊಸೂರು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಹೆಲ್ಪರು. ಒಬ್ಬನೇ ಮಗ, ತಂದೆ ಇಲ್ಲ, ನೀರಾವರಿ ಜಮೀನಿದೆ. ತಾಯಿ ಮುನಿವೆಂಕಟಮ್ಮ ಕಾಲು ಚಾಚಿ ಕೂತು ಕಾಫಿ ಕುಡಿದು, ಹುಡುಗಿಯನ್ನು ನೋಡಿ, ಒಪ್ಪಿ, ಲೋಟ ಕೆಳಗಿಟ್ಟಳು.

"ಓದ್ತಾ ಇರೋದು ಸರಿ ಕಣಣ್ಣಾ. ಪಾಸಾಗ್ಬುಟ್ರೆ?"

"ಪಾಸಾದ್ರೆ ಒಳ್ಳೇದೇ ಅಲ್ವಾ?" ಎಂದ ತಿಮ್ಮರಾಯಪ್ಪ.

"ಯಾರ್ಗೆ ಒಳ್ಳೇದು? ನನ್ ಮಗ ಲೆಕ್ಕದಾಗೆ ಎಲ್ಡು ಸತಿ ಡುಮ್ಕಿ. ಸುಳ್ಳು ಯಾಕೆ ಹೇಳ್ಲಿ? ಗಂಡ ಫೇಲು, ಹೆಂಡ್ತಿ ಪಾಸು ಅಂದ್ರೆ ನಮ್ಮೂರೋರು ಅವ್ನ ಲುಂಗಿ ಬಿಚ್ಚಿ ಸೀರೆ ಉಡುಸ್ತಾರೆ. ಓದಿರೋ ಹುಡುಗಿ ಬೇಕು ಅಂತ್ಲೇ ಬಂದೋಳು ನಾನು. ಆದ್ರೆ ಇವ್ಳೂ ಒಂದ್ ಸಬ್ಜೆಕ್ಟಿನಾಗೆ ಹೋದ್ರೆ ಜೋಡಿ ಸರಿಹೋಯ್ತದೆ."

ಕದದ ಹಿಂದೆ ನಿಂತಿದ್ದ ಲಕ್ಷ್ಮಿದೇವಮ್ಮನಿಗೆ ನಗು ಬಂತು. ಅಪ್ಪನೂ ನಗುತ್ತಾನೆ ಅಂದುಕೊಂಡಳು. ಅಪ್ಪ, "ಅದೇನ್ ದೊಡ್ಡ ವಿಷ್ಯ ಬುಡಕ್ಕಾ" ಎಂದ.

ಅವರು ಹೋದ ಮೇಲೆ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡ.

"ಲೆಕ್ಕದ ಪೇಪರ್ ದಿವ್ಸ ಹೋಗು. ಕೂತ್ಕೋ. ಏನೂ ಬರೀದೆ ಎದ್ದು ಬಾ."

"ಅಪ್ಪಾ, ಮೂರು ವರ್ಷ ಓದಿದೀನಿ."

"ಓದ್ಬೇಡ ಅಂದ್ನಾ? ಚೆನ್ನಾಗಿ ಓದು. ಪಾಸಾಗ್ಬೇಡ."

ಪರೀಕ್ಷೆ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ. ಪ್ರೈವೇಟಿನವರಿಗೆಲ್ಲ ಒಂದೇ ಕೊಠಡಿ. ಮೀಸೆ ನರೆತ ಪೊಲೀಸಿನವನೊಬ್ಬ, ಜುಟ್ಟಿನ ಅಡಿಗೆಯವನೊಬ್ಬ, ಮಗುವನ್ನು ಹೊರಗೆ ಅತ್ತೆಯ ಕೈಲಿ ಬಿಟ್ಟು ಬಂದ ಒಬ್ಬ ಹೆಂಗಸು. ಗಣಿತದ ದಿನ ಅವರೆಲ್ಲರ ಮುಖ ಬಿಳಿಚಿಕೊಂಡಿತ್ತು. ಲಕ್ಷ್ಮಿದೇವಮ್ಮ ಪ್ರಶ್ನೆಪತ್ರಿಕೆಯನ್ನು ಮೇಲಿಂದ ಕೆಳಗೆ ಓದಿದಳು. ಎಲ್ಲವೂ ಬರುತ್ತಿತ್ತು. ಬಾರದಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು. ಮೊದಲನೆಯದೊಂದನ್ನು ಮಾಡಿ ಬಿಟ್ಟುಬಿಡುತ್ತೇನೆ ಎಂದು ಪೆನ್ನು ತೆಗೆದಳು. ಕೊನೆಯ ಗಂಟೆ ಹೊಡೆದಾಗ ಎಲ್ಲವನ್ನೂ ಬರೆದು, ಎರಡು ಸಲ ತಾಳೆ ನೋಡಿ, ಕೈ ಕಟ್ಟಿ ಕೂತಿದ್ದಳು.

ಅವಳದು ಇಷ್ಟೇ ಅಂದಾಜು. ಫಲಿತಾಂಶ ಜೂನಿಗೆ ಬರುತ್ತದೆ. ಮದುವೆ ಶ್ರಾವಣಕ್ಕೆ ಎಂಬ ಮಾತು ನಡೆದಿತ್ತು. ಪಾಸು ಎಂದು ತಿಳಿದರೆ ಮುನಿವೆಂಕಟಮ್ಮನೇ ಸಂಬಂಧ ಬೇಡವೆನ್ನುತ್ತಾಳೆ. ಅಪ್ಪ ನಾಲ್ಕು ಬಾರಿಸುತ್ತಾನೆ, ಬಾರಿಸಲಿ. ಆಮೇಲೆ ಟ್ರೈನಿಂಗು.

ಮನೆಗೆ ಬಂದು, "ಖಾಲಿ ಪೇಪರ್ ಕೊಟ್ಟು ಬಂದೆ" ಎಂದಳು. ತಿಮ್ಮರಾಯಪ್ಪ ಖುಷಿಯಿಂದ ಪೇಟೆಗೆ ಹೋಗಿ ಮಲ್ಲಿಗೆ ತಂದುಕೊಟ್ಟ.

ಖುಷಿ ಬೊಮ್ಮನಹಳ್ಳಿಗೂ ಮುಟ್ಟಿತು. ಹೇಗೂ ಫೇಲು ಎಂದು ಗೊತ್ತಾದ ಮೇಲೆ ಕಾಯುವುದು ಯಾಕೆ ಎಂದು ಮುನಿವೆಂಕಟಮ್ಮ ಮದುವೆಯನ್ನು ವೈಶಾಖಕ್ಕೇ ಎಳೆದಳು. ಲಕ್ಷ್ಮಿದೇವಮ್ಮ ಬಾಯಿ ತೆರೆಯುವ ಹೊತ್ತಿಗೆ ಅಂಗಳದಲ್ಲಿ ಚಪ್ಪರದ ಗೂಟ ನೆಟ್ಟಾಗಿತ್ತು. ಶಿವಬಸಮ್ಮನ ಹತ್ತಿರ ಹೋಗಿ ಅತ್ತಳು. ಶಿವಬಸಮ್ಮ, "ರಿಸಲ್ಟ್ ಬರೋವರ್ಗೂ ತಡೀರಿ" ಎಂದು ತಿಮ್ಮರಾಯಪ್ಪನಿಗೆ ಹೇಳಲು ಹೋದಳು. "ಟೀಚರಮ್ಮಾ, ನಿಮ್ ಪಾಠ ಮುಗೀತು" ಎಂದ ಅವನು.

ಜೂನಿನಲ್ಲಿ ಅವನು ಮಗಳ ಗಂಡನ ಮನೆಗೆ ಬಂದ. ಒಳಗೆ ಬರದೆ ಹುಲ್ಲಿನ ಮೆದೆಯ ಹಿಂದಕ್ಕೆ ಅವಳನ್ನು ಕರೆದ. ಮುಖ ಸಾವಿನ ಮನೆಗೆ ಬಂದವನ ಹಾಗಿತ್ತು.

"ಪಾಸಾಗ್ಬಿಟ್ಟಿದೀಯಲ್ಲೇ."

ಅವಳು ಮೆದೆಗೆ ಒರಗಿಕೊಂಡಳು.

"ಪೇಪರ್ನಾಗೆ ನಿನ್ ನಂಬರ್ ಬಂದೈತೆ ಅಂತ ಆ ಟೀಚರಮ್ಮ ಬೀದೀಲಿ ನಿಂತು ಕೂಗಿದ್ಲು. ಮನೆ ಖಾಲಿ ಮಾಡು ಅಂತ ಹೇಳಿ ಬಂದಿದೀನಿ. ಖಾಲಿ ಕೊಟ್ಟೆ ಅಂದ್ಯಲ್ಲ, ಹೆತ್ತಪ್ಪನ ಮುಂದೆ ಸುಳ್ಳು ಹೇಳೋದು ಯಾವ ಸ್ಕೂಲಲ್ಲಿ ಕಲ್ತೆ? ಇಲ್ಲಿ ಬಾಯ್ಬಿಟ್ಯೋ ಜೋಕೆ. ಮೋಸ ಮಾಡಿ ಕೊಟ್ರು ಅಂತ ನಿನ್ನ ವಾಪಸ್ ಅಟ್ತಾರೆ. ನಾನಂತೂ ಕದ ತೆಗ್ಯಲ್ಲ."

ಆಮೇಲೆ ಒಳಗೆ ಹೋಗಿ ಊಟಕ್ಕೆ ಕೂತ. ಮುನಿವೆಂಕಟಮ್ಮ ಸಾರು ಬಡಿಸುತ್ತಾ, "ರಿಸಲ್ಟು ಬಂತಾ ಅಣ್ಣಾ?" ಎಂದಳು.

"ಬಂತಕ್ಕಾ. ಹೋಯ್ತು."

ಇಬ್ಬರೂ ನಕ್ಕರು. ಅವಳು ಅವನ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಬೈರಣ್ಣ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಟೈಮ್ ಕೀಪರ್ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಬೇಕೆಂದು ಯಾರೋ ಹೇಳಿದ ಮೇಲೆ ಹಳೆಯ ಪುಸ್ತಕಗಳ ಧೂಳು ಕೊಡವಿ ಒಂದು ಭಾನುವಾರ ಜಗಲಿಯ ಮೇಲೆ ಕೂತ.

"ನೀನೂ ಬಾರೆ" ಎಂದು ಹೆಂಡತಿಯನ್ನು ಕರೆದ. "ಇಬ್ರೂ ಲೆಕ್ಕದಲ್ಲೇ ಹೋಗಿರೋದು. ನಾನು ಹೇಳ್ಕೊಡ್ತೀನಿ. ಇಬ್ರೂ ಒಟ್ಟಿಗೆ ಕಟ್ಟಾಣ."

ಅವಳು ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಕೂತಳು. ಅವನು ಹೇಳಿಕೊಟ್ಟ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಮೈನಸ್ಸು ಎಂದ. ಸಾಲವನ್ನು ಸಾಲದಿಂದ ಗುಣಿಸಿದರೆ ಸಾಲವೇ ಹೆಚ್ಚುವುದು, ಅಲ್ಲವೇ ಎಂದು ಉದಾಹರಣೆಯನ್ನೂ ಕೊಟ್ಟ. ಅವಳು ಹೂಂ ಎಂದಳು. ಅದೇ ತಪ್ಪಿನ ಮೇಲೆ ಅವನು ಒಂದಾದ ಮೇಲೊಂದು ಲೆಕ್ಕ ಮಾಡಿದ. ಉತ್ತರ ಯಾವುದೂ ಪುಸ್ತಕದ ಕೊನೆಯ ಉತ್ತರಕ್ಕೆ ಹೊಂದಲಿಲ್ಲ. ಪುಸ್ತಕದಲ್ಲೇ ತಪ್ಪಿದೆ ಎಂದ.

"ಪ್ಲಸ್ಸು" ಎಂದಳು ಲಕ್ಷ್ಮಿದೇವಮ್ಮ. ತಡೆದುಕೊಳ್ಳಲು ಆಗಲಿಲ್ಲ.

"ಏನು?"

"ಮೈನಸ್ಸೂ ಮೈನಸ್ಸೂ ಗುಣಿಸಿದ್ರೆ ಪ್ಲಸ್ಸು."

"ಫೇಲಾದೋಳು ನಂಗೆ ಹೇಳ್ಕೊಡ್ತೀಯಾ?" ಎಂದ. ಆದರೂ ಪ್ಲಸ್ ಹಾಕಿ ನೋಡಿದ. ಉತ್ತರ ಬಂತು. ಮುಂದಿನದಕ್ಕೂ ಬಂತು. ಅವನು ಪೆನ್ಸಿಲು ಕೆಳಗಿಟ್ಟು ಅವಳನ್ನೇ ನೋಡಿದ. "ಇಷ್ಟು ಬರೋಳು ಹೆಂಗೆ ಫೇಲಾದೆ?"

"ಆಗ್ಲಿಲ್ಲ" ಎಂದಳು.

ಅವಳು ಎಲ್ಲವನ್ನೂ ಹೇಳಿದಳು. ಹೇಳುವಾಗ ಕೈ ಅವರೆಕಾಯಿ ಸುಲಿಯುತ್ತಲೇ ಇತ್ತು. ವಾಪಸ್ಸು ಅಟ್ಟುವುದಾದರೆ ಇವತ್ತೇ ಅಟ್ಟಲಿ ಎಂಬ ಮೊಂಡುತನ ಬಂದಿತ್ತು. ಬೈರಣ್ಣ ಒಳಬಾಗಿಲ ಕಡೆ ತಿರುಗಿ ನೋಡಿದ. ಒಳಗೆ ತಾಯಿ ರಾಗಿ ಕೇರುವ ಸದ್ದು ಕೇಳುತ್ತಿತ್ತು.

"ಯಾರ್ಗೂ ಹೇಳ್ಬೇಡ" ಎಂದ, ಸಣ್ಣ ದನಿಯಲ್ಲಿ. "ನಂಗೆ ಹೇಳ್ಕೊಡು. ನಾನೊಂದ್ಸಲ ಪಾಸಾಗ್ಬಿಡ್ಲಿ. ಆಮೇಲೆ ನಾನೇ ಎಲ್ರಿಗೂ ಹೇಳ್ತೀನಿ. ಆ ಟ್ರೈನಿಂಗಿಗೂ ಸೇರಿಸ್ತೀನಿ. ದೇವ್ರಾಣೆ."

ಅವಳು ನಂಬಿದಳು. ನಂಬದೆ ಇರಲು ಬೇರೆ ಏನೂ ಇರಲಿಲ್ಲ.

ಅಂದಿನಿಂದ ಅವನಿಗೆ ಶಿಫ್ಟು ಇಲ್ಲದ ಹೊತ್ತೆಲ್ಲ ಪಾಠ. ಅವನ ತಲೆ ಗಟ್ಟಿ. ಒಂದನ್ನು ಒಳಗೆ ಹಾಕಿದರೆ ಇನ್ನೊಂದು ಹೊರಗೆ ಬೀಳುತ್ತಿತ್ತು. ಅವಳು ಬೀಜಗಣಿತವನ್ನು ಹಾಲಿನ ಪಾವು ಸೇರುಗಳಿಗೆ ಇಳಿಸಿದಳು, ರೇಖಾಗಣಿತವನ್ನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿದಳು. ಒಂದೇ ಪ್ರಮೇಯವನ್ನು ಎಷ್ಟು ಸಲ ಹೇಳಿದರೂ ಬೇಸರಿಸಲಿಲ್ಲ. ಅವನ ಪರೀಕ್ಷೆಯನ್ನು ತಾನೇ ಬರೆಯುತ್ತಿರುವವಳ ಹಾಗೆ ಮೈಯೆಲ್ಲ ಬಿಗಿಹಿಡಿದು ಕಲಿಸಿದಳು. ಅಂಗಳದಲ್ಲಿ ಹಾದುಹೋಗುವಾಗ ಮುನಿವೆಂಕಟಮ್ಮನಿಗೆ ಕಾಣುತ್ತಿದ್ದದ್ದು, ಪುಸ್ತಕ ಹಿಡಿದ ಮಗ ಮತ್ತು ಮುಂದೆ ಕೂತ ಸೊಸೆ. "ಆ ದಡ್ಡೀಗೆ ಹೇಳ್ಕೊಡಾಕೆ ನಿನ್ ಹೊತ್ತು ಯಾಕ್ಲಾ ಹಾಳ್ಮಾಡ್ಕತೀಯ? ನಿಂದು ನೀನು ಓದ್ಕೊಳ್ಲಾ" ಎನ್ನುತ್ತಿದ್ದಳು. ಬೈರಣ್ಣ ತಲೆ ಬಗ್ಗಿಸುತ್ತಿದ್ದ. ಇಬ್ಬರೂ ಒಟ್ಟಿಗೆ ಕಟ್ಟುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷ ಅವನು ಪಾಸಾದ. ಗಣಿತದಲ್ಲಿ ಬೇಕಾದಷ್ಟೇ ಬಂದಿತ್ತು, ಒಂದೂ ಹೆಚ್ಚಿಲ್ಲ.

ಮುನಿವೆಂಕಟಮ್ಮ ಬೂಂದಿ ಲಾಡು ಮಾಡಿಸಿದಳು. ಅಂಗಳದ ತುಂಬ ನೆಂಟರು, ಬೀದಿಯವರು, ಫ್ಯಾಕ್ಟರಿಯ ಇಬ್ಬರು ಗೆಳೆಯರು. ತಿಮ್ಮರಾಯಪ್ಪ ಹೊಸ ಪಂಚೆ ಉಟ್ಟು ಬಂದಿದ್ದ. ಬೈರಣ್ಣ ಕುರ್ಚಿಯ ಮೇಲೆ ಕೂತು, ಗಣಿತ ಅಂದರೆ ಹೆದರಬಾರದು, ಅದನ್ನು ಹಾಲಿನ ಪಾವು ಸೇರುಗಳಿಗೆ ಇಳಿಸಿಕೊಳ್ಳಬೇಕು ಎಂದು ಗೆಳೆಯರಿಗೆ ವಿವರಿಸುತ್ತಿದ್ದ. "ಆಹಾ, ಎಂಥಾ ಐಡಿಯಾ ಗುರು!" ಎಂದ ಒಬ್ಬ. ತಟ್ಟೆ ಹಿಡಿದು ಲಾಡು ಹಂಚುತ್ತಿದ್ದ ಲಕ್ಷ್ಮಿದೇವಮ್ಮ ಅವನ ಮುಂದೆ ನಿಂತಳು. ಈಗ ಹೇಳುತ್ತಾನೆ. ಅವನು ಲಾಡು ತೆಗೆದುಕೊಂಡ. ಮುಖ ನೋಡಲಿಲ್ಲ.

"ನೋಡು" ಎಂದಳು ಮುನಿವೆಂಕಟಮ್ಮ, ಎಲ್ಲರಿಗೂ ಕೇಳುವ ಹಾಗೆ. "ಕೆಲ್ಸಕ್ಕೂ ಹೋಗಿ ಅವ್ನು ಪಾಸಾದ. ನೀನು ಮೂರು ವರ್ಷ ಮನೇಲೇ ಕೂತು ಓದಿ ಫೇಲಾದೆ."

"ನಾನು ಪಾಸಾಗಿದೀನಿ ಅತ್ತೆ. ಮದುವೆಯಾದ ಮರುತಿಂಗಳೇ" ಎಂದಳು ಲಕ್ಷ್ಮಿದೇವಮ್ಮ.

ಅಂಗಳವೆಲ್ಲ ಗೊಳ್ಳೆಂದಿತು. "ಅಬ್ಬಬ್ಬಾ, ಸೊಸೇನೂ ತಮಾಷೆ ಮಾಡ್ತಾಳಪ್ಪ!" ಎಂದು ಯಾರೋ ತೊಡೆ ತಟ್ಟಿಕೊಂಡರು. ತಿಮ್ಮರಾಯಪ್ಪ ಮೊದಲು ಬೆಚ್ಚಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. ಲಕ್ಷ್ಮಿದೇವಮ್ಮ ಗಂಡನ ಕಡೆ ತಿರುಗಿದಳು.

"ಹೇಳಿ."

ಬೈರಣ್ಣ ಅತ್ತಿತ್ತ ನೋಡಿದ. ಗೆಳೆಯರು ನಗುತ್ತಾ ಅವನ ಬಾಯನ್ನೇ ನೋಡುತ್ತಿದ್ದರು. ಅವನೂ ನಕ್ಕ. "ಇವ್ಳು ಹಿಂಗೇ" ಎಂದ. "ಮನೇಲೂ ಹಿಂಗೇ ನಗಿಸ್ತಾ ಇರ್ತಾಳೆ."

"ನಾನು ಪಾಸಾಗಿದೀನಿ. ಇವರಿಗೆ ಲೆಕ್ಕ ಹೇಳ್ಕೊಟ್ಟೋಳು ನಾನು" ಎಂದು ಅವಳು ಮತ್ತೆ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಕೆಲವರು ಲಾಡು ಮುರಿಯುವುದನ್ನು ನಿಲ್ಲಿಸಿದರು. ಮುನಿವೆಂಕಟಮ್ಮ ಮಗನ ಮುಖ ನೋಡಿದಳು, ಬೀಗನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಅರ್ಥವಾದದ್ದನ್ನು ನುಂಗಿಕೊಳ್ಳಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆಯ್ತು ಕಣವ್ವಾ, ಪಾಸಾಗಿದೀಯ" ಎಂದಳು ಸಮಾಧಾನವಾಗಿ, ಜ್ವರ ಬಂದವರಿಗೆ ಹೇಳುವ ಹಾಗೆ. "ಒಳಗೆ ಎಲೆಅಡಿಕೆ ತಟ್ಟೆ ಐತೆ. ತಗೊಂಡ್ ಬಾ."

ಲಕ್ಷ್ಮಿದೇವಮ್ಮ ಒಳಗೆ ಹೋದಳು. ತಟ್ಟೆ ತಂದಳು. ಎಲ್ಲರೂ ತೆಗೆದುಕೊಂಡರು.