ಬಿಡ ಅಂದದ್ದು ಯಾರಿಗೆ

ಮಾಗಿಯ ಮಂಜು ಇನ್ನೂ ಕರಗಿರಲಿಲ್ಲ. ಅಷ್ಟರಲ್ಲೇ ರನ್ನ ಬೆಳಗಲಿಯ ಬಸವಕುಮಾರನ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗು ಸಾಕಷ್ಟು ಸಾಲು ಕೆಡವಿತ್ತು. ಗಂಡಸರು ಬುಡಕ್ಕೆ ಕೊಯ್ತದ ಏಟು ಹಾಕುತ್ತಿದ್ದರು. ಹೆಂಗಸರು ಒಣಗಿದ ಎಲೆಯ ರವದಿ ಸುಲಿದು ಹೊರೆ ಕಟ್ಟುತ್ತ ಹಿಂದೆ ಬರುತ್ತಿದ್ದರು. ರಸ್ತೆಯ ದಂಡೆಗೆ, ಗ್ಯಾಂಗು ಕರೆತಂದ ಚಿದಾನಂದನ ಟ್ರ್ಯಾಕ್ಟರು ಎರಡು ಟ್ರ್ಯಾಲಿ ಕಟ್ಟಿಕೊಂಡು ನಿಂತಿತ್ತು.

ಬಸವಕುಮಾರನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕಬ್ಬು ಕಡಿಸಲು ಅವನ ಪಾಳಿ ಇದ್ದದ್ದು ಸಂಕ್ರಾಂತಿ ಕಳೆದ ಮೇಲೆ. ಊರಿನ ದೊಡ್ಡ ಹೊಲದವರೇ ಗ್ಯಾಂಗಿಗಾಗಿ ಫೋನು ಮಾಡಿ ಮಾಡಿ ಬೇಸತ್ತಿರುವಾಗ, ಕೇಳದೆ ಹೇಳದೆ ಚಿದಾನಂದ ಮೊದಲು ಇಲ್ಲಿಗೇ ಯಾಕೆ ತಂದ?

ಬುತ್ತಿ ತಂದ ಹೆಂಡತಿ ಗಂಗಾಂಬಿಕಾಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

"ದಾರಿ ಬೇಕಾಗೇತಿ ಅವಗ. ಹಿಂದಿನ ಹಳ್ಳದ ದಂಡಿ ಹೊಲ ಸುಮ್ನ ತೊಗೊಂಡಾನೇನ್ರಿ? ನಮ್ಮ ಬದು ಹಾಯದ ಅಲ್ಲಿಗೆ ಗಾಡಿ ಹೋಗೂದಿಲ್ಲ."

"ಇನ್ನೂ ಕೇಳಿಲ್ಲಲ್ಲ."

"ಕಬ್ಬ ತುಂಬೂದು ಮುಗೀಲಿ, ಕೇಳ್ತಾನ. ಊಟಾದ ಮ್ಯಾಲ ಎಲಿ ಅಡಿಕಿ ಬರ್ತಾವಲ್ಲ, ಹಂಗ."

ಒಮ್ಮೆ ಗಾಡಿ ಹಾಯ್ದ ಬದು ಮತ್ತೆ ಬದುವಾಗುವುದಿಲ್ಲ. ಇವತ್ತು ಟ್ರ್ಯಾಕ್ಟರಿನ ಅಗಲ, ನಾಳೆ ಲಾರಿಯ ಅಗಲ. ಇದ್ದ ತುಂಡು ಹೊಲದಲ್ಲಿ ಅಷ್ಟು ಹೋದರೆ ಉಳಿಯುವುದೇನು? ಕೊಡಬಾರದು ಎಂದು ಬಸವಕುಮಾರ ಮನಸ್ಸು ಗಟ್ಟಿ ಮಾಡಿಕೊಂಡ. ಆದರೆ ಚಿದಾನಂದ ಚಿಕ್ಕಂದಿನ ಗೆಳೆಯ. ಅವನಿಗೆ ಇಲ್ಲ ಅನ್ನಬೇಕೆಂದಾಗಲೆಲ್ಲ ಬಸವಕುಮಾರನಿಗೆ ತನ್ನ ಎಡಗಾಲಿನ ಸಂಗತಿ ನಡುವೆ ಬರುತ್ತಿತ್ತು: ಹಳೆಯ ಸೇಡು ಅಂದುಕೊಂಡಾನು.

ಅವರಿಬ್ಬರೂ ಹುಡುಗರಾಗಿದ್ದ ಕಾಲಕ್ಕೆ ಮಕ್ಕಳನ್ನು ನೋಡಿಕೊಳ್ಳುವುದು ಅಂತ ಒಂದು ಕೆಲಸವೇ ಇರಲಿಲ್ಲ. ಅಪ್ಪ ಅವ್ವ ನಸುಕಿನಲ್ಲೇ ಹೊಲಕ್ಕೆ. ನೆಲುವಿನಲ್ಲಿ ರೊಟ್ಟಿ, ಗಡಿಗೆಯಲ್ಲಿ ಮಜ್ಜಿಗೆ. ಸಾಲೆ ಬಿಟ್ಟರೆ ಹೊತ್ತು ಮುಳುಗುವತನಕ ಊರೆಲ್ಲ ಹುಡುಗರದು. ಮೆಟ್ಟಿಲಿಲ್ಲದ ಬಾವಿಗೆ ಮೋಟರಿನ ಪೈಪು ಹಿಡಿದು ಇಳಿಯುತ್ತಿದ್ದರು. ಚೇಳಿನ ಕೊಂಡಿಗೆ ದಾರ ಕಟ್ಟಿ ಆಡಿಸುತ್ತಿದ್ದರು. ಹಂಗಾಮು ಶುರುವಾಯಿತೆಂದರೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಏರಿನಲ್ಲಿ ಏದುವುದನ್ನೇ ಕಾಯ್ದು, ಓಡಿಹೋಗಿ ಟ್ರ್ಯಾಲಿಗೆ ಜೋತುಬಿದ್ದು ಕಬ್ಬು ಎಳೆಯುತ್ತಿದ್ದರು. ಸಂಜೆ ಮೈಯೆಲ್ಲ ಪರಚಿಕೊಂಡು ಬಂದರೆ ಅವ್ವ ಗುರುಬಸವ್ವ ಕೇಳುತ್ತಿದ್ದದ್ದು ಒಂದೇ: "ಅಂಗಿ ಹರೀತೇನು?"

ಆ ದಿನ ಟ್ರ್ಯಾಕ್ಟರು ಏರಿನಲ್ಲಿ ನಿಂತೇಬಿಟ್ಟಿತ್ತು. ಓಡಿಸುತ್ತಿದ್ದವನು ಬಸಗೊಂಡಪ್ಪ, ಚಿದಾನಂದನ ಸೋದರಮಾವ. ಬಸವಕುಮಾರ ಎರಡು ಟ್ರ್ಯಾಲಿಗಳ ನಡುವಿನ ಕೊಂಡಿಯ ಮೇಲೆ ನಿಂತು ದಪ್ಪನೆಯ ಕಬ್ಬೊಂದನ್ನು ಜಗ್ಗುತ್ತಿದ್ದ. ಚಿದಾನಂದ ಮುಂದೆ, ಇಂಜಿನ್ನಿನ ಬದಿಗೆ ನಿಂತಿದ್ದ. ಅವನು ಒದರಿದ: "ಬಿಡ!" ಗಾಡಿ ಜಗ್ಗಿತು. ಬಸವಕುಮಾರ ಜಾರಿದ. ಹಿಂದಿನ ಟ್ರ್ಯಾಲಿಯ ಗಾಲಿ ಪಾದದ ಮೇಲೆ ಹಾಯಿತು.

ತನಗೆ ಕಬ್ಬು ಬಿಡು ಅಂದನೋ, ಬಸಗೊಂಡಪ್ಪನಿಗೆ ಗಾಡಿ ಬಿಡು ಅಂದನೋ? ಅವತ್ತು ಯಾರೂ ವಿಚಾರಿಸಲಿಲ್ಲ. ಹಿಂದಿನ ದಿನವಷ್ಟೇ ಬುಗುರಿಯ ಸಲುವಾಗಿ ಇಬ್ಬರೂ ಬಡಿದಾಡಿದ್ದರು. ಅದು ನೆನಪಾದಾಗೆಲ್ಲ ಬಸವಕುಮಾರನಿಗೆ ಒಳಗೆ ಚುಚ್ಚುತ್ತಿತ್ತು. ಆದರೂ ಒಂದು ಸಮಾಧಾನವಿತ್ತು. ಗಾಡಿ ಓಡಿಸುವ ಹಿರಿಯರಿಗಾದರೆ 'ಬಿಡ್ರಿ' ಅನ್ನಬೇಕು. ತಾನು ಕೇಳಿದ್ದರಲ್ಲಿ 'ರಿ' ಇರಲಿಲ್ಲ. ಅಂದಮೇಲೆ ಆ ಮಾತು ತನಗೇ. ಆ ಒಂದಕ್ಷರದ ಮೇಲೆ ಗೆಳೆತನ ಇಷ್ಟು ವರ್ಷ ನಿಂತಿತ್ತು.

ಈಗ ಚಿದಾನಂದ ಬಂದು ಮಗ್ಗುಲಲ್ಲಿ ಕುಳಿತು ರೊಟ್ಟಿ ಮುರಿದ.

"ವೈನಿ, ಶೇಂಗಾ ಹಿಂಡಿ ಇನ್ನೊಂದೀಟ ಹಾಕ್ರಿ. ನಿಮ್ಮ ಗಂಡ ಉಣ್ಣೂದ ಬಿಟ್ಟು ನನ್ನ ಮಾರಿ ನೋಡಾಕತ್ತಾನ."

"ನೋಡೂವಂಥಾ ಮಾರಿ ಅಂತ ಯಾರ ಹೇಳ್ಯಾರ ನಿಮಗ?" ಅಂದಳು ಗಂಗಾಂಬಿಕಾ.

ಅಷ್ಟರಲ್ಲಿ ಅವನ ಫೋನು ಬಡಿಯಿತು. "ಹೂಂ ಮಾಮಾ, ಹೊಲದಾಗ ಅದೇನಿ. ಗುಳಿಗಿ ತೊಗೊಂಡೇನು? ಸುಳ್ಳ ಹೇಳಬ್ಯಾಡ. ಹೊರಗ ಅಡ್ಡಾಡಬ್ಯಾಡ, ಒಳಗ ಕುಂದರ. ಇಡ ಫೋನ."

ಬಸವಕುಮಾರ ಅವನ ಕಡೆ ತಿರುಗಿದ. "ಯಾರದು?"

"ಬಸಗೊಂಡಪ್ಪ ಮಾಮಾ. ಎಂಬತ್ತ ದಾಟೇತಿ, ಸಣ್ಣ ಹುಡುಗೂರಕಿಂತ ಕಡೆ ಆಗ್ಯಾನ."

"ಅವರಿಗೆ ರಿ ಹಚ್ಚೂದಿಲ್ಲೇನು ನೀ?"

"ಮಾಮಾಗ ಎಂಥಾ ರಿ ಲೇ? ಅವನ ಹೆಗಲ ಮ್ಯಾಲ ಬೆಳದಾಂವ ನಾ. ಮಾತ ಬಂದಾಗಿಂದ ಹಿಂಗ."

ಹಾಗಾದರೆ ಆ 'ಬಿಡ' ಬಸಗೊಂಡಪ್ಪನಿಗೂ ಇದ್ದೀತು ಅನಿಸಿತು ಬಸವಕುಮಾರನಿಗೆ. ಬಸಗೊಂಡಪ್ಪ ಇವನ ಮಾವ ಎಂಬುದು ಗೊತ್ತಿಲ್ಲದ್ದೇನಲ್ಲ. ಆದರೆ ತಾನು 'ರಿ' ಹಚ್ಚುತ್ತಿದ್ದೆನೆಂದು ಇವನೂ ಹಚ್ಚಿರುತ್ತಾನೆ ಅಂದುಕೊಂಡು, ತಾನೇ ಇವನನ್ನು ಪಾರು ಮಾಡಿಬಿಟ್ಟಿದ್ದ.

"ಅವತ್ತ ಏರಿನ್ಯಾಗ ಬಿಡ ಅಂದಿ. ಯಾರಿಗಂದಿ?"

ಚಿದಾನಂದ ನಗಲು ಹೋಗಿ ನಿಲ್ಲಿಸಿದ. "ನಿನಗ." ಮತ್ತೆ, "ನಿನಗಂತನ ನನಗ ನಾ ಹೇಳ್ಕೋತ ಬಂದೇನಿ" ಅಂದ.

"ಹೇಳ್ಕೋತ ಬಂದೇನಿ ಅಂದ್ರ?"

"ಮಾಮಾ ನನ್ನ ಕಡೆ ಹೊಳ್ಳಿ ನೋಡಿದ, ಬಿಡ್ಲೇನು ಅನ್ನೂ ಹಂಗ. ಅದ ಹೊತ್ತಿಗೆ ನಾ ಒದರೀನಿ. ನೀ ಬೀಳ್ಲಿ ಅಂತ ಒದರಿಲ್ಲ ಬಸ್ಯಾ. ಒಂದೀಟ ಹೆದರ್ಲಿ ಅಂತ ಒದರಿದ್ನೋ ಏನೋ, ಅದ ನನಗೂ ತಿಳಿವಲ್ದು."

ಗಂಗಾಂಬಿಕಾ ಬುತ್ತಿ ಕಟ್ಟುತ್ತಿದ್ದವಳು ಕೈ ತಡೆದಳು. ಬಸವಕುಮಾರ ರೊಟ್ಟಿ ಬದಿಗಿಟ್ಟ.

"ಈಗ ದಾರಿ ಕೇಳಾಕ ಬಂದಿ, ಹೌದಲ್ಲ?"

"ಹೌದು. ಕೇಳಬೇಕಂತನ ಗ್ಯಾಂಗ ತಂದೆ. ಸುಳ್ಳ ಯಾಕ ಹೇಳ್ಲಿ?"

ಆ ನೇರ ಮಾತು ಬಸವಕುಮಾರನ ಅನುಮಾನವನ್ನು ಇಳಿಸಲಿಲ್ಲ, ಏರಿಸಿತು. ದಾರಿಯದನ್ನು ಖರೆ ಹೇಳಿದವನು ಕಾಲಿನದನ್ನೂ ಖರೆಯೇ ಹೇಳಿದನೆಂದು ನಂಬಬೇಕೇ? ಅಥವಾ ನಂಬಲಿ ಅಂತಲೇ ಇದನ್ನು ಒಪ್ಪಿಕೊಂಡನೇ? ಅವನು ಎದ್ದು, ಎಳೆಯುವ ಕಾಲನ್ನು ಮುಂದಿಟ್ಟು ಬದುವಿನವರೆಗೆ ನಡೆದ. ಚಿದಾನಂದ ಹಿಂದೆ ಬಂದ.

"ಈ ಹಂಗಾಮ ಮುಗಿಯೂತನ ನಿನ್ನ ಗಾಡಿ ಇಲ್ಲಿ ಹಾಯಲಿ. ಪಾಳಿಕಿಂತ ಮೊದಲ ಗ್ಯಾಂಗ ತಂದೀಯಲ್ಲ, ಅದಕ್ಕ ಇದು ಸಮ ಆತು. ಮಳಿ ಬಿದ್ದ ಮ್ಯಾಲ ಬದು ಮತ್ತ ಹಾಕ್ತೀನಿ."

"ಮುಂದಿನ ವರ್ಷ?"

"ಮುಂದಿನ ವರ್ಷ ನನ್ನ ಪಾಳಿಗೆ ಬಾ. ಅದಕ್ಕಿಂತ ಮೊದಲ ತರಬ್ಯಾಡ."

"ಕಾಲಿಂದು ಮನಸಿನ್ಯಾಗ ಇಟಗೊಂಡ ಹಿಂಗ ಅಂತೀಯಲ್ಲ?"

"ಕಾಲಿಂದು ಬ್ಯಾರೆ. ಅದನ್ನ ಇದರಾಗ ಕೂಡಸಬ್ಯಾಡ. ಅದರ ಲೆಕ್ಕ ನಿನ್ನ ಮ್ಯಾಲ ಹಂಗ ಇರ್ಲಿ."

ಚಿದಾನಂದ ತಲೆಗೆ ಟಾವೆಲ್ ಸುತ್ತಿಕೊಂಡು ಗ್ಯಾಂಗಿನ ಕಡೆ ಹೋದ.

ಬಸವಕುಮಾರ ಗುಡಿಸಲಿನಿಂದ ಗೂಟ, ಸುತ್ತಿಗೆ ತಂದ. ಟ್ರ್ಯಾಲಿಯ ಗಾಲಿಯಿಂದ ಗಾಲಿಗೆ ಹಗ್ಗ ಹಿಡಿದು ಅಳೆದು, ಅದಕ್ಕಿಂತ ಒಂದು ಗೇಣೂ ಹೆಚ್ಚಾಗದಂತೆ ಬದುವಿನಲ್ಲಿ ಗಾಡಿ ಹಾಯುವ ದಾರಿಯ ಎರಡೂ ಬದಿಗೆ ಗೂಟ ಬಡಿಯತೊಡಗಿದ.