ಗಿರಣಿಯ ತೂಬು ಎತ್ತಿದ ದಿನ

ಊರಿನವರು ಈಗಲೂ ಅಣ್ಣನ ಪರವಾಗಿಯೇ ಮಾತಾಡುತ್ತಾರೆ. ಹೆಂಡತಿಯ ಹಟದಿಂದ ಕೆಟ್ಟುಹೋದ ಗಂಡಸು ಅಂತ. ನಾನು ಅವನ ಒಡಹುಟ್ಟಿದವಳು, ಅದೇ ಮನೆಯಲ್ಲಿ ಬೇಯಿಸಿ ಬಡಿಸಿಕೊಂಡು ಇದ್ದವಳು. ನನಗೆ ಹಾಗನ್ನಿಸುವುದಿಲ್ಲ.

ಅಣ್ಣ ಇಸಾಕ್ ಟ್ಯಾಲೆಂಟೈರ್, ಕ್ಯಾಪ್ಟನ್ ಥಾರ್ನ್‌ಬರೋ ಅವರ ನೀರುನಾಯಿ ಬೇಟೆಯ ತಂಡದಲ್ಲಿ ಟೆರಿಯರ್ ಎಂಬ ಗಿಡ್ಡ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಿದ್ದ. ಲೈವೆನೆಟ್ ಹೊಳೆಯ ದಂಡೆಯಲ್ಲಿ ನಾವಿದ್ದ ಮನೆಯೂ ಕ್ಯಾಪ್ಟನ್ನರದೇ. ಬೇಸಿಗೆ ಬಂತೆಂದರೆ ಅವರ ದೊಡ್ಡ ಬೇಟೆನಾಯಿಗಳು ವಾಸನೆ ಹಿಡಿದು ಹೊಳೆಯುದ್ದಕ್ಕೂ ಹೋಗಿ, ಯಾವುದೋ ಮರದ ಬೇರಿನಡಿಯ ಬಿಲದ ಮುಂದೆ ನಿಂತು ಬೊಗಳುತ್ತಿದ್ದವು. ಅಷ್ಟೇ ಅವುಗಳ ಕೈಲಾಗುತ್ತಿದ್ದದ್ದು. ಒಳಗೆ ನುಗ್ಗುವುದು ಟೆರಿಯರ್‌ನ ಕೆಲಸ. ಕತ್ತಲಲ್ಲಿ, ಕುತ್ತಿಗೆತನಕ ನೀರಿನಲ್ಲಿ, ತನಗಿಂತ ಭಾರದ ಪ್ರಾಣಿಯ ಹಲ್ಲಿಗೆ ಮುಖ ಕೊಟ್ಟು ಅದನ್ನು ಹೊರಗೆ ಹಾರಿಸಬೇಕು. ಹಾರಿದ ಮೇಲೆ ಬೇಟೆ ತಂಡದ ನೀಲಿ ಕೋಟು ತೊಟ್ಟ ಗಂಡಸರು ಹೆಂಗಸರು ನೀರು ಕಡಿಮೆಯಿರುವ ಕಡೆ ಸಾಲಾಗಿ ನಿಂತು ದಾರಿ ಕಟ್ಟುತ್ತಿದ್ದರು. ಉಳಿದದ್ದು ಬೇಟೆನಾಯಿಗಳ ಪಾಲು. ಒಂದೊಂದು ಸಾವಿಗೂ ಅವರ ಉದ್ದನೆಯ ಕೋಲಿನ ಮೇಲೆ ಒಂದೊಂದು ಗೀರು ಬೀಳುತ್ತಿತ್ತು.

ಅತ್ತಿಗೆ ಕೆಟುರಾಗೆ ನೀರುನಾಯಿಗಳ ಮೇಲೆ ಕನಿಕರವೇನೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ? ಆ ಸೀಮೆಯಲ್ಲೇ ಹೆಸರಾದ ಟೆರಿಯರ್‌ಗಳು ಅವಳು ಬೆಳೆಸಿದವು. ಅದರಲ್ಲೂ ಟಿಬ್ ಎಂಬ ಹೆಣ್ಣುನಾಯಿ ಅವಳ ಜೀವ. ಬೇಟೆಯಿಂದ ತುಟಿ ಹರಿದುಕೊಂಡು ಬಂದರೆ ತನ್ನದೇ ಸೂಜಿದಾರದಲ್ಲಿ ಹೊಲಿಗೆ ಹಾಕುತ್ತಿದ್ದಳು. ಹಾಕುತ್ತಲೇ, "ಹಿಂದಕ್ಕೆ ಸರಿಯೋ ಜಾತಿ ಅಲ್ಲ ಇದು" ಎಂದು ಬೀಗುತ್ತಿದ್ದಳು.

ಆ ಜೂನಿನಲ್ಲಿ ಕ್ಯಾಪ್ಟನ್ನರ ಮನೆಗೆ ದಕ್ಷಿಣದಿಂದ ಯಾರೋ ದೊಡ್ಡ ಮನುಷ್ಯ ಬಂದಿದ್ದ. ಅವನಿಗೆ ಬೇಟೆ ತೋರಿಸಲೇಬೇಕಿತ್ತು. ಬೆನ್ನಟ್ಟಿದ ನೀರುನಾಯಿ ಪಾಳುಬಿದ್ದ ಹಿಟ್ಟಿನ ಗಿರಣಿಯ ಕೆಳಗಿನ ಕಲ್ಲುಮೋರಿಯೊಳಗೆ ಹೊಕ್ಕಿತು. ಅಣ್ಣ ಟಿಬ್‌ಳನ್ನು ಬಿಟ್ಟ. ನಾನೂ ಅತ್ತಿಗೆಯೂ ಮೇಲಿನ ದಂಡೆಯಲ್ಲಿ ನಿಂತಿದ್ದೆವು. ಟಿಬ್‌ಳ ಬೊಗಳು ಕಲ್ಲಿನಡಿಯಿಂದ ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಇನ್ನೂ ಆಳದಿಂದ ಕೇಳತೊಡಗಿತು. ನೀರುನಾಯಿ ಮಾತ್ರ ಹೊರಬರಲಿಲ್ಲ. ಹೆಂಗಸರು ಬುಟ್ಟಿ ಬಿಚ್ಚಿ ತಿಂಡಿ ತಿನ್ನತೊಡಗಿದರು. ಅತಿಥಿ ಗಡಿಯಾರ ನೋಡಿಕೊಂಡ.

"ಇಸಾಕ್, ತೂಬು ಎತ್ತು. ನೀರು ನುಗ್ಗಿಸು," ಎಂದರು ಕ್ಯಾಪ್ಟನ್.

"ಟಿಬ್ ಒಳಗಿದಾಳೆ, ಸಾಹೇಬ್ರೆ."

"ನೀರು ಬಂದ್ರೆ ಅವಳೂ ಬರ್ತಾಳೆ ಬಿಡಯ್ಯ. ಬೇಗ ಆಗ್ಲಿ."

ಅಣ್ಣ ಗಿರಣಿಯ ಮೇಲೆ ಹತ್ತಿ ತೂಬಿನ ಹಿಡಿಗೆ ಕೈ ಹಾಕಿದ. ಅತ್ತಿಗೆ ಓಡಿಹೋಗಿ ಅವನ ತೋಳು ಹಿಡಿದಳು.

"ಬೇಡ ಇಸಾಕ್. ಒಂದಿಷ್ಟು ತಡಿ. ನಾನು ಕರೀತೀನಿ, ಬರ್ತಾಳೆ."

"ಬಿಡೇ ಕೈ. ಎಲ್ರೂ ನೋಡ್ತಿದಾರೆ."

ಕೊಡವಿಕೊಂಡು ಹಿಡಿ ತಿರುಗಿಸಿದ. ಗಿರಣಿಯ ಹಿಂದೆ ವರ್ಷಗಟ್ಟಲೆ ಕಟ್ಟಿನಿಂತಿದ್ದ ಕೊಳಕು ನೀರು ಒಂದೇ ಸಲ ಮೋರಿಗೆ ನುಗ್ಗಿತು. ಬೊಗಳು ನಿಂತಿತು. ನೀರುನಾಯಿ ಕೆಳಗಿನ ಬಾಯಿಂದ ಹಾರಿಬಂತು, ನೀಲಿ ಕೋಟುಗಳೆಲ್ಲ ಕೂಗುತ್ತ ನೀರಿಗಿಳಿದವು, ಅತಿಥಿಗೆ ಬೇಕಾದದ್ದು ಕಣ್ಣೆದುರೇ ನಡೆಯಿತು. ಕಹಳೆ ಊದಿದರು. ಕಹಳೆಯ ಸದ್ದು ನಿಂತ ಮೇಲೆ, ಎಲೆಕಸದ ಜೊತೆಗೆ ಟಿಬ್ ತೇಲಿಬಂದಳು.

ಕ್ಯಾಪ್ಟನ್ ಕೆಟ್ಟ ಮನುಷ್ಯರಂತೆ ಏನೂ ನಡೆದುಕೊಳ್ಳಲಿಲ್ಲ. ಟೋಪಿ ತೆಗೆದರು. "ಪಾಪ, ಒಳ್ಳೆ ನಾಯಿ. ಕೆಟುರಾ, ಈ ನೀರುನಾಯಿ ಬಾಲ ನಿಂಗೇ ಇರ್ಲಿ," ಎಂದು ರಕ್ತ ಸೋರುತ್ತಿದ್ದ ಬಾಲವನ್ನು ಮುಂದೆ ಹಿಡಿದರು. ಬೇಟೆಯವರಲ್ಲಿ ಅದು ದೊಡ್ಡ ಮರ್ಯಾದೆ.

"ನಿಮ್ಮ ನೆಂಟ್ರಿಗೇ ಕೊಡಿ ಸಾಹೇಬ್ರೆ," ಎಂದಳು ಅತ್ತಿಗೆ. ಟಿಬ್‌ಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಹೊರಟಳು.

ಸಂಜೆ ಅಣ್ಣ ಕುರಿಮಾಂಸದ ಸಾರಿನ ಮುಂದೆ ಕೂತಿದ್ದ. ಅತ್ತಿಗೆ ಕೂರಲಿಲ್ಲ.

"ನಾಯಿ ಕಣೇ ಅದು," ಎಂದ ಅಣ್ಣ. "ಒಂದು ನಾಯಿ."

"ಒಳಗೆ ನಾನಿದ್ದಿದ್ರೆ?"

"ಹುಚ್ಚುಚ್ಚಾಗಿ ಆಡ್ಬೇಡ."

"ಕೇಳಿದ್ದಕ್ಕೆ ಹೇಳು. ಎಲ್ರೂ ನೋಡ್ತಿದಾರೆ ಅಂತ ತೂಬು ಎತ್ತಿಬಿಡ್ತಿದ್ಯಾ?"

ಅವನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದ. ಒಂದು ಮಾತು, 'ಇಲ್ಲ' ಅಂದಿದ್ದರೆ ಸಾಕಿತ್ತು. ನಾನೂ ಕಾಯುತ್ತಿದ್ದೆ. ಅವನು ಉಪ್ಪು ಕಡಿಮೆಯಾಗಿದೆ ಎಂದ.

ಟಿಬ್‌ಳ ಮಗ ರಫ್ ಉಳಿದಿದ್ದ. ಇವನು ಮಾತ್ರ ಹೊಳೆಗೆ ಹೋಗಕೂಡದು ಎಂದು ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದಳು. ಅಣ್ಣ ತಲೆಯಾಡಿಸಿದ. ಬೇಸಿಗೆಯೆಲ್ಲ ಬೇರೆಯವರ ಟೆರಿಯರ್‌ಗಳನ್ನು ಕೇಳಿ ತಂದು ಕೆಲಸ ನಡೆಸಿದ. ಅವು ನೀರುನಾಯಿಯ ವಾಸನೆಗೇ ಬಾಲ ಮಡಚಿಕೊಂಡು ವಾಪಸ್ಸು ಬರುತ್ತಿದ್ದವು, ನೀಲಿ ಕೋಟಿನವರು ನಗುತ್ತಿದ್ದರು. ಸೆಪ್ಟೆಂಬರಿನ ಕೊನೆಯ ಬೇಟೆಯ ದಿನ ಅತ್ತಿಗೆ ಆಪಲ್‌ಬಿ ಸಂತೆಗೆ ಹೋಗಿದ್ದಳು. ತಿರುಗಿ ಬಂದಾಗ ರಫ್‌ನ ಗೂಡು ಖಾಲಿ.

ಅವಳು ಬುಟ್ಟಿಯನ್ನೂ ಇಳಿಸದೆ ಹೊಳೆಯ ಕಡೆ ಓಡಿದಳು. ನಾನು ಹಿಂದೆ ಓಡಿದೆ. ಹೊಳೆಯ ತಿರುವಿನಲ್ಲಿ ದೊಡ್ಡದೊಂದು ಆ್ಯಶ್ ಮರದ ಬೇರಿನ ಸುತ್ತ ಜನ ಸೇರಿದ್ದರು. ಒಳಗಿನಿಂದ ರಫ್‌ನ ದನಿ ಕೇಳುತ್ತಿತ್ತು. ಅತ್ತಿಗೆ ಯಾರನ್ನೂ ಏನೂ ಕೇಳಲಿಲ್ಲ. ಬುಟ್ಟಿ ಕೆಳಗಿಟ್ಟು, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು, ಅನ್ನ ಹಾಕುವಾಗ ಹೊಡೆಯುವ ಸಿಳ್ಳೆ.

ರಫ್ ಮೈಯೆಲ್ಲ ಕೆಸರಾಗಿ, ಮೂಗಿನಲ್ಲಿ ರಕ್ತ ಸುರಿಸುತ್ತ, ಬಾಲ ಆಡಿಸುತ್ತ ಹೊರಬಂದ. ಅವಳು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಜನರೆಲ್ಲ ಅವಳನ್ನೇ ನೋಡುತ್ತಿದ್ದ ಆ ಗಳಿಗೆಯಲ್ಲಿ ನೀರ ಮೇಲೆ ಗುಳ್ಳೆಗಳ ಸಾಲೊಂದು ಬೇರಿನಿಂದ ಹೊರಟು ಆಳದ ಕಡೆ ಸರಿದುಹೋಯಿತು. ಕಂಡವರು ಕೂಗುವಷ್ಟರಲ್ಲಿ ನೀರುನಾಯಿ ಹೊರಟೇಹೋಗಿತ್ತು.

"ಇಸಾಕ್," ಎಂದರು ಕ್ಯಾಪ್ಟನ್, ದನಿ ಏರಿಸದೆ, "ಹೆಂಡ್ತೀನೇ ಹದ್ದುಬಸ್ತಿನಲ್ಲಿಡಕ್ಕಾಗದೋನು ನಾಯಿಗಳನ್ನ ಹೆಂಗಯ್ಯಾ ಇಡ್ತೀಯಾ?"

ಯಾರೋ ಕಿಸಕ್ಕೆಂದರು. ಅಣ್ಣ ನೀರಿನಿಂದ ಮೇಲೆ ಬಂದು ಅತ್ತಿಗೆಯ ಕೆನ್ನೆಗೆ ಹೊಡೆದ. ಅದಕ್ಕೆ ಮುಂಚೆ ಅವನು ಯಾವತ್ತೂ ಅವಳ ಮೇಲೆ ಕೈ ಎತ್ತಿದವನಲ್ಲ.

"ಎಲ್ರೂ ನೋಡಿದ್ರಲ್ಲ," ಎಂದಳು ಅತ್ತಿಗೆ. "ಸಮಾಧಾನ ಆಯ್ತಾ?"

ಹೊಡೆದದ್ದರಿಂದ ಅವನಿಗೇನೂ ದಕ್ಕಲಿಲ್ಲ. ಅದೇ ವಾರ ಕೆಲಸ ಹೋಯಿತು, ಕ್ರಿಸ್‌ಮಸ್ಸಿನೊಳಗೆ ಮನೆಯೂ ಹೋಯಿತು. ಶ್ಯಾಪ್ ಎಂಬ ಊರಿನಲ್ಲಿ ಕಲ್ಲುಗಣಿಯ ಕೆಲಸ ಸಿಕ್ಕಿತು. ಗಾಳಿ ನುಗ್ಗುವ ಮಾಳಿಗೆಯಲ್ಲಿ ಮೂವರೂ ಇದ್ದೆವು. ಗ್ರಾನೈಟಿನ ಧೂಳು ಕುಡಿದು ಅಣ್ಣ ಕೆಮ್ಮತೊಡಗಿದ. ಅತ್ತಿಗೆ ಅವನ ಬಟ್ಟೆ ಒಗೆಯುತ್ತಿದ್ದಳು, ಬುತ್ತಿ ಕಟ್ಟುತ್ತಿದ್ದಳು. ಮಾತು ಮಾತ್ರ ನನ್ನ ಮೂಲಕ. "ಬೂಟು ಹರಿದಿದೆ ಅನ್ನು ನಿಮ್ಮಣ್ಣಂಗೆ." "ಗೊತ್ತು ಅನ್ನು ಅವಳಿಗೆ." ಒಂದೇ ಕೋಣೆಯಲ್ಲಿ ಕೂತು ಹೀಗೆ. ರಫ್ ಮುದಿಯಾಗಿ ಸಾಯುವವರೆಗೂ ಅವಳ ಮಂಚದ ಮೇಲೆ, ಅಣ್ಣ ಮಲಗಬೇಕಿದ್ದ ಜಾಗದಲ್ಲಿ ಮಲಗಿದ.

ಅಷ್ಟರಲ್ಲಿ ಹೊಳೆಗಳಲ್ಲಿ ನೀರುನಾಯಿಯೇ ಇಲ್ಲವಾಯಿತು. ಬಿತ್ತನೆ ಬೀಜಕ್ಕೆ, ಕುರಿಗಳ ಮೈಗೆ ಹಾಕುವ ಹೊಸ ವಿಷ ನೀರಿಗಿಳಿದು ಕೊಂದಿತು ಅಂದರು. ಬೇಟೆಯವರು ದಿನವಿಡೀ ನಡೆದು ಬರಿಗೈಲಿ ಮನೆಗೆ ಬರುತ್ತಿದ್ದರು. ಕೊನೆಗೆ ಬೇಟೆಯೇ ನಿಂತಿತು. ಆಮೇಲೊಂದು ದಿನ ಜಿಲ್ಲೆಯ ಪತ್ರಿಕೆಯಲ್ಲಿ ಕ್ಯಾಪ್ಟನ್ನರ ಫೋಟೋ ಬಂತು. ನೀರುನಾಯಿಗಳನ್ನು ಉಳಿಸುವ ಸಂಘವೊಂದು ಹುಟ್ಟಿತ್ತು, ಅವರೇ ಅದರ ಅಧ್ಯಕ್ಷರು. ಆ ಪ್ರಾಣಿಯನ್ನು ನಮ್ಮಷ್ಟು ಪ್ರೀತಿಸಿದವರು ಯಾರಿದ್ದಾರೆ ಎಂದು ಕೇಳಿದ್ದರು.

ಅಣ್ಣ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ನಡುನಡುವೆ ಕೆಮ್ಮಿದ. ಆಮೇಲೆ ಕತ್ತರಿ ಹುಡುಕಿ, ಫೋಟೋ ಕತ್ತರಿಸಿ, ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದ.

"ನೋಡು, ನಮ್ಮ ಸಾಹೇಬ್ರು," ಎಂದ ನನಗೆ. "ಸ್ವಲ್ಪಾನೂ ಬದಲಾಗಿಲ್ಲ."

ಅತ್ತಿಗೆ ಕಲ್ಲಿದ್ದಲ ಬಕೆಟ್ ಕೈಯಲ್ಲಿ ಹಿಡಿದು ಅದರ ಮುಂದೆ ನಿಂತಳು. ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆಗಲ್ಲ, ನೇರವಾಗಿ ಅವನ ಕಡೆಗೆ ತಿರುಗಿದಳು.

"ಹೌದು ಇಸಾಕ್. ಸ್ವಲ್ಪಾನೂ ಬದಲಾಗಿಲ್ಲ."

ಬಕೆಟ್ ಎತ್ತಿಕೊಂಡು ಕೆಳಗಿಳಿದು ಹೋದಳು. ಅಣ್ಣನ ಮುಖ ಅರಳಿತ್ತು. ನನ್ನ ಮೊಣಕೈ ಹಿಡಿದು ಅಲುಗಿಸಿದ.

"ಕೇಳಿದ್ಯಾ?" ಎಂದ. "ಮಾತಾಡಿದ್ಲು ಕಣೇ. ನನ್ ಹತ್ರ ಮಾತಾಡಿದ್ಲು."