ಸೊಪ್ಪು ಹಾಕದ ಮಾವ

ಮಾವ ನಲವತ್ತು ವರ್ಷ ಮಾಂಸದ ಅಂಗಡಿ ನಡೆಸಿದವರು. ಅಂಗಡಿ ಮುಚ್ಚಿದರೂ ಕತ್ತಿ ಕೆಳಗಿಟ್ಟಿರಲಿಲ್ಲ. ಮೆಷಿನ್ನಿನಲ್ಲಿ ಅರೆದ ಖೀಮಾ ಮನೆಯೊಳಗೆ ಬರಕೂಡದು. ಬೇಕಾದಷ್ಟನ್ನು ಅವರೇ ಮರದ ಕೊರಡಿನ ಮೇಲೆ ಕೊಚ್ಚಿ, ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಮುಚ್ಚಿಡುತ್ತಿದ್ದರು. ತರಕಾರಿ ಕಂಡರೆ ಮಾತ್ರ ಆಗದು. "ಅದನ್ನ ಕುರಿ ತಿಂದಿರುತ್ತೆ, ನಾನು ಕುರೀನ ತಿಂತೀನಿ. ಇನ್ನೇನು ಬೇಕು?" ಎನ್ನುತ್ತಿದ್ದರು.

ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ಸೊಪ್ಪು ತರಕಾರಿ ತಿನ್ನಲೇಬೇಕು, ಇಲ್ಲದಿದ್ದರೆ ಮುಂದೆ ಕಾಲಿಗೇ ಸಂಚಕಾರ ಎಂದರು. ಮಾವ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಸೊಸೆ ಖೀಮಾಗೇ ಹಾಕತೊಡಗಿದಳು.

ಅವಳು ಸಿಟಿ ಬಸ್ಸಿನ ಡ್ರೈವರ್. ಗಂಡನಿಗೆ ಸೆಕೆಂಡ್ ಶಿಫ್ಟ್. ಸಂಜೆ ಆರೂವರೆಗೆ ಮನೆ ಮುಟ್ಟಿದರೆ ಎಂಟರೊಳಗೆ ಮಾವನಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಊಟ ಆಗಬೇಕು. ಮಾವ ಟಿವಿ ಹಚ್ಚಿದ ಕೂಡಲೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಕ್ಯಾರೆಟ್ಟು, ಸೋರೆಕಾಯಿ ಗರಗರ ತುರಿದು, ಪಾಲಕ್ ಹೆಚ್ಚಿ ಎಲ್ಲವನ್ನೂ ಬಾಣಲೆಗೆ ಸುರಿಯುವಳು. ಎರಡು ತಿಂಗಳು ಹೀಗೇ ಸಾಗಿತು.

ಒಂದು ಸಂಜೆ ಚಿಕ್ಕವಳು ಲಾಟರಿ ಹೊಡೆದವಳಂತೆ ಕೈ ಎತ್ತಿದಳು. "ತಾತ, ನಂಗೆ ಕ್ಯಾರೆಟ್ ಸಿಕ್ತು!"

ಮಾವ ತುತ್ತು ಕೆಳಗಿಟ್ಟರು. "ಏನಮ್ಮಾ ಇದು?"

ಬೇರೆ ದಿನವಾಗಿದ್ದರೆ ಸೊಸೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದಳು. ಅವತ್ತು ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಭುಜ ಕಲ್ಲಾಗಿತ್ತು.

"ಕ್ಯಾರೆಟ್. ಸೋರೆಕಾಯೀನೂ ಇದೆ, ಪಾಲಕ್ಕೂ ಇದೆ. ಎರಡು ತಿಂಗಳಿಂದ ಹಾಕ್ತಿದೀನಿ, ನಾಳೆನೂ ಹಾಕ್ತೀನಿ."

"ನನ್ನ ಮನೇಲಿ ನಂಗೇ ಮೋಸ!"

"ಹೌದು, ಮೋಸಾನೇ. ನಿಮ್ಮ ಕಾಲು ಉಳಿಯುತ್ತೆ ಅಂದ್ರೆ ಇನ್ನೂ ನಾಕು ಮೋಸ ಮಾಡ್ತೀನಿ ಮಾವ."

ಮಾವ ತಟ್ಟೆ ಸರಿಸಿ ಎದ್ದರು. ಹಾಲಿಗೆ ಬ್ರೆಡ್ ಅದ್ದಿಕೊಂಡು ತಿಂದರು. ಮರುದಿನವೂ ಅದೇ. ಕತ್ತಿ ಮುಟ್ಟಲಿಲ್ಲ, ಕೊರಡು ಗೋಡೆಗೆ ಒರಗಿತು. ಸೊಸೆ ಜಗ್ಗುವವಳಲ್ಲ. ಮೆಷಿನ್ ಖೀಮಾ ತಂದಳು. ಅಡುಗೆಮನೆಯ ಬಾಗಿಲು ಹಾರುಹೊಡೆದು, ಅವರ ಕಣ್ಣೆದುರೇ ತರಕಾರಿ ತುರಿದಳು.

"ಅಪ್ಪಂಗೆ ಒಂದ್ಸಲ ತಪ್ಪಾಯ್ತು ಅಂದ್ಬಿಡೇ," ಎಂದ ಗಂಡ.

"ಸ್ಟಾಪಲ್ಲಿ ಬಾಗಿಲು ತೆಗೀತೀನಿ. ಹತ್ತೋದೇ ಇಲ್ಲ ಅಂದ್ರೆ ಬಸ್ಸು ಎಷ್ಟೊತ್ತು ನಿಲ್ಲಿಸ್ಲಿ?"

ಹಾಗೆಂದರೂ ಪ್ರತಿ ಸಂಜೆ ಮಾವನ ತಟ್ಟೆಗೂ ಬಡಿಸುತ್ತಿದ್ದಳು. ಮಲಗುವ ಮುನ್ನ ತಣ್ಣಗಾದ ಆ ತಟ್ಟೆಯನ್ನು ಎತ್ತಿಡುತ್ತಿದ್ದಳು.

ನಾಲ್ಕನೆಯ ದಿನ ಬಸ್ಸು ಕೆಟ್ಟು ನಿಂತಿತು. ಮನೆ ತಲುಪುವಾಗ ಎಂಟು ದಾಟಿತ್ತು. ಮಕ್ಕಳು ಹಸಿದು ಕೂತಿರುತ್ತಾರೆಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಬಾಗಿಲಲ್ಲೇ ಹುರಿದ ಮಾಂಸದ ಘಮ. ಮಕ್ಕಳು ತಟ್ಟೆ ಬಳಿಯುತ್ತಿದ್ದರು. ಮಾವ ತೋಳು ಮಡಚಿ ಕೊರಡಿನ ಮುಂದೆ ನಿಂತಿದ್ದರು. ಅದರ ಮೇಲೆ ಖೀಮಾದಷ್ಟೇ ಸಣ್ಣಗೆ ಕೊಚ್ಚಿ, ಬಾಣಲೆಗೆ ಹಾಕಿ ಉಳಿದ ಕ್ಯಾರೆಟ್ಟು, ಪಾಲಕ್ಕು.

"ತುರೀಬಾರದು," ತಿರುಗಿಯೂ ನೋಡದೆ ಅಂದರು. "ತುರಿದ್ರೆ ನೀರು ಬಿಡುತ್ತೆ. ಮಾಂಸ ಹುರಿಯಲ್ಲ, ನೀರಲ್ಲಿ ಬೇಯುತ್ತೆ. ಎರಡು ತಿಂಗಳಿಂದ ರುಚಿ ಯಾಕೆ ಕೆಡ್ತಿದೆ ಅಂತ ಒದ್ದಾಡ್ತಿದ್ದೆ. ಕಾಯಿಲೆ ನಾಲಿಗೆಗೂ ಬಂತೇನೋ ಅಂತ ಹೆದರಿದ್ದೆ ಕಣಮ್ಮ."

ಅವಳು ಬ್ಯಾಗು ಕೆಳಗಿಟ್ಟಳು. ಅವರಿಗೆ ಏನೂ ಗೊತ್ತಾಗುತ್ತಿಲ್ಲವೆಂದು ಒಳಗೊಳಗೇ ಬೀಗಿದ್ದಳು. ಮಾವ ಅಷ್ಟೂ ದಿನ ಬಾಯಿಬಿಡದೆ ಭಯ ನುಂಗುತ್ತಿದ್ದರು.

"ತಪ್ಪಾಯ್ತು ಮಾವ," ಅಂದಳು. "ಹೇಳದೇ ಇದ್ದಿದ್ದು ತಪ್ಪು. ಹಾಕಿದ್ದಲ್ಲ."

"ನಾನೇನು ಸೋತೆ ಅಂದ್ಕೋಬೇಡ. ಮಕ್ಕಳು ಹಸಿದಿದ್ವು, ಮಾಡ್ದೆ."

"ನಾನೂ ಗೆದ್ದೆ ಅನ್ನಲಿಲ್ಲ. ಬನ್ನಿ, ಕೂತ್ಕೊಳ್ಳಿ."

ಇಬ್ಬರೂ ಎದುರುಬದುರು ಕೂತು ಉಂಡರು. ಖೀಮಾ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಹೇಳಲು ಅವಳು ಒಪ್ಪಲಿಲ್ಲ, ಎರಡನೇ ಸಲ ಬಡಿಸಿಕೊಂಡಳು. ಮಾವ ಸೊಸೆಯನ್ನು ದುರುಗುಟ್ಟಿ ನೋಡುತ್ತಲೇ ತಟ್ಟೆ ಖಾಲಿ ಮಾಡಿದರು.

"ಬೀನ್ಸ್ ಮಾತ್ರ ಈ ಮನೆಗೆ ಬರಕೂಡದು," ಅಂದರು ಕೈ ತೊಳೆಯುತ್ತಾ.

"ನಾಳೆ ಬೀನ್ಸೇ ತರ್ತೀನಿ."

"ತಾ, ಅದನ್ನೂ ನೋಡ್ಕೋತೀನಿ," ಎಂದು ಮಾವ ಕತ್ತಿ ಮಸೆಯತೊಡಗಿದರು.